ಬಾರ್ಫರ್ಡ್‌ನ ಬೇಲಿ ಕಟ್ಟುವವನು

ಸಮಾಧಿ ನೋಡಿಕೊಂಡು ಬರುತ್ತೇನೆ ಅಂದಾಗ ಮಗಳು ಬೈದಳು. "ಮೂರು ತಿಂಗಳ ಕೂಸನ್ನ ಕಟ್ಕೊಂಡು ಸ್ಮಶಾನಕ್ಕಾ ಅಮ್ಮಾ?" ಬಾಣಂತಿ ಎರಡು ಗಂಟೆ ಕಣ್ಣು ಮುಚ್ಚಲಿ ಅಂತ ದಿನಾ ಮಧ್ಯಾಹ್ನ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿ ತಿರುಗಾಡಿಸುವುದು ನನ್ನ ಪಾಲಿನ ಕೆಲಸ. ಬಾರ್ಫರ್ಡ್ ಇಂಗ್ಲೆಂಡಿನ ಒಂದು ಸಣ್ಣ ಊರು. ವಾರಿಕ್ ಪೇಟೆಯಿಂದ ಮೂರು ಮೈಲಿ ದಕ್ಷಿಣಕ್ಕೆ, ಏವನ್ ನದಿ ಪಕ್ಕಕ್ಕಿದೆ. ಹೊಳೆ ನೋಡಿಯಾಯಿತು, ಸೇತುವೆ ನೋಡಿಯಾಯಿತು, ಎಲ್ಲರ ಮನೆ ಮುಂದಿನ ಹೂವಿನ ಗಿಡಗಳನ್ನೂ ಲೆಕ್ಕ ಹಾಕಿಯಾಯಿತು. ಉಳಿದದ್ದು ಸೇಂಟ್ ಪೀಟರ್ಸ್ ಚರ್ಚಿನ ಅಂಗಳ. ಇಲ್ಲಿ ಸ್ಮಶಾನ ಊರಾಚೆ ಇಲ್ಲ, ಊರ ಒಳಗೇ ಇದೆ. ಹುಲ್ಲು ಕತ್ತರಿಸಿ ಚೊಕ್ಕಟ ಇಟ್ಟಿರುತ್ತಾರೆ, ಕೂರಲು ಬೆಂಚು ಬೇರೆ. ಮೂವತ್ತೊಂದು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಕಲ್ಲುಗಳ ಮೇಲಿನ ಇಸವಿ ಕಂಡರೆ ಕೈ ಸುಮ್ಮನಿರುತ್ತದೆಯೇ? ಇವನು ಸತ್ತಾಗ ಎಷ್ಟು ವಯಸ್ಸು, ಹೆಂಡತಿ ಇನ್ನೆಷ್ಟು ವರ್ಷ ಇದ್ದಳು, ಕಳೆಯುತ್ತಾ ಕೂಡುತ್ತಾ ಒಂದೊಂದೇ ಸಾಲು ಓದಿದೆ.

ಎರಡು ಮಧ್ಯಾಹ್ನ ಹೀಗೆ ಕಳೆದ ಮೇಲೆ ಲೆಕ್ಕ ತಪ್ಪುತ್ತಿದೆ ಅನ್ನಿಸಿತು. ನೂರೈವತ್ತು ವರ್ಷಗಳ ಹಿಂದೆ ಇಂಥ ಊರಿನಲ್ಲಿ ಬಹುಪಾಲು ಜನ ಹೊಲದಲ್ಲಿ ದುಡಿಯುವ ಕೂಲಿಗಳು. ಆದರೆ ಕಲ್ಲುಗಳೆಲ್ಲ ಬೇರೆಯವರದ್ದು. ಹಾಗಾದರೆ ಕೂಲಿಯವರೆಲ್ಲ ಎಲ್ಲಿ ಹೋದರು? ಹುಲ್ಲು ಕತ್ತರಿಸುತ್ತಿದ್ದ ಮುದುಕರೊಬ್ಬರನ್ನು ನನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಯಂತ್ರ ನಿಲ್ಲಿಸಿ ಬೆರಳಿನಿಂದ ನನ್ನ ಕಾಲ ಕೆಳಗೆ ತೋರಿಸಿದರು. ನಾನು ತಳ್ಳುಗಾಡಿಯನ್ನು ಎಳೆದುಕೊಂಡು ಹಾದಿಗೆ ಹಾರಿದ್ದನ್ನು ನೋಡಿ ನಕ್ಕರು. ಖಾಲಿ ಹುಲ್ಲು ಅಂದುಕೊಂಡಿದ್ದೆನಲ್ಲ, ಅದು ಖಾಲಿ ಇರಲಿಲ್ಲ. ವಾರಕ್ಕೆ ಹತ್ತೋ ಹನ್ನೆರಡೋ ಶಿಲ್ಲಿಂಗ್ ಕೂಲಿ ಬರುವವನ ಮನೆಯಲ್ಲಿ ಹೆಣದ ಪೆಟ್ಟಿಗೆಗೇ ದುಡ್ಡು ಹೊಂದಿಸಬೇಕು. ಕಲ್ಲು ಕೆತ್ತಿಸುವ ಮಾತು ಎಲ್ಲಿಂದ ಬರಬೇಕು? ಮಣ್ಣಿನ ದಿಬ್ಬ ನಾಲ್ಕು ಮಳೆಗೆ ಕೂತುಹೋಗುತ್ತದೆ.

ಸರಿ, ಕಾಗದದಲ್ಲಾದರೂ ಇರಬೇಕಲ್ಲ ಅಂತ ಹುಡುಕಿದೆ. 1813ರಿಂದ ಇಂಗ್ಲೆಂಡಿನ ಚರ್ಚುಗಳಲ್ಲಿ ಹೂಳಿದವರ ದಾಖಲೆಗೆ ಅಚ್ಚು ಹಾಕಿದ ಪುಸ್ತಕ ಬಂದಿತ್ತು. ಹೆಸರು, ಊರು, ಹೂಳಿದ ದಿನ, ವಯಸ್ಸು, ಪ್ರಾರ್ಥನೆ ಹೇಳಿದ ಪಾದ್ರಿಯ ಸಹಿ. ಸತ್ತವನು ಏನು ಕೆಲಸ ಮಾಡುತ್ತಿದ್ದ ಅನ್ನುವುದಕ್ಕೆ ಅಂಕಣವಿಲ್ಲ. ಪಾದ್ರಿಯ ಹೆಸರಿಗಿದೆ! ಜನಗಣತಿ ಇದಕ್ಕಿಂತ ವಾಸಿ. ಅದರಲ್ಲಿ ಕಸುಬು ಬರೆಯುತ್ತಿದ್ದರು. ಆದರೆ ಹೊಲದ ಕೂಲಿಗಳು ಎಷ್ಟು ಜನ ಇದ್ದರೆಂದರೆ ಬರೆದೂ ಬರೆದೂ ಕೈ ಸೋತು, 1841ರಲ್ಲೇ 'ಅಗ್ರಿಕಲ್ಚರಲ್ ಲೇಬರರ್' ಅನ್ನುವುದನ್ನು 'ಆ್ಯಗ್ ಲ್ಯಾಬ್' ಅಂತ ಮೊಟಕು ಮಾಡಿ ಬರೆಯಲು ಅನುಮತಿ ಕೊಟ್ಟಿದ್ದರು. ಲೈಬ್ರರಿಯ ಕಂಪ್ಯೂಟರಿನಲ್ಲಿ ಹಳೆಯ ಹಾಳೆಗಳನ್ನು ತೆರೆದು ನೋಡಿದರೆ ಅಂಕಣದ ತುಂಬಾ ಅದೇ. ಆ್ಯಗ್ ಲ್ಯಾಬ್, ಆ್ಯಗ್ ಲ್ಯಾಬ್, ಅದರ ಕೆಳಗೆ ಮತ್ತದೇ. ಕಾಪಿ ಬರೆಯುವ ಮಗು ಮೇಲಿನ ಸಾಲು ನೋಡಿ ಕೆಳಗಿನದನ್ನು ಗೀಚಿದ ಹಾಗೆ.

ಇಷ್ಟು ಜನರ ಮಧ್ಯೆ ಒಬ್ಬನೇ ಒಬ್ಬ ತನ್ನ ಬಾಯಿಂದ ತನ್ನ ಕಥೆ ಹೇಳಿಹೋಗಿದ್ದಾನೆ. ಅವನನ್ನು ಹೂತಿರುವುದೂ ಇದೇ ಬಾರ್ಫರ್ಡ್‌ನಲ್ಲಿ. ಜೋಸೆಫ್ ಆರ್ಚ್. ಹುಟ್ಟಿದ್ದು 1826ರ ನವೆಂಬರ್ 10, ಸತ್ತದ್ದು 1919ರ ಫೆಬ್ರವರಿ 12. ಕಳೆದು ನೋಡಿ, ತೊಂಬತ್ತೆರಡು. ಊರಿನಲ್ಲಿ ಅವನ ಹೆಸರಿನ ಪಬ್ಬೇ ಇದೆ. ಬಂದ ಮೊದಲ ತಿಂಗಳು ನಾನು ಆ ಬೋರ್ಡು ನೋಡಿ ಯಾರೋ ಪಬ್ಬಿನ ಮಾಲೀಕ ಇರಬೇಕು ಅಂದುಕೊಂಡಿದ್ದೆ.

ಆತ್ಮಕಥೆ ಅಚ್ಚಾದದ್ದು 1898ರಲ್ಲಿ. ಕೂಸಿಗೆ ರಾತ್ರಿ ಹಾಲು ಕುಡಿಸುವ ಪಾಳಿ ಬಂದಾಗಲೆಲ್ಲ ಫೋನಿನಲ್ಲಿ ನಿಘಂಟು ತೆರೆದಿಟ್ಟುಕೊಂಡು ಎರಡೆರಡು ಪುಟ ಓದಿದೆ. ಮೊದಲ ಪುಟಗಳಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಶಾಲೆಗೆ ಹೋದದ್ದು ಆರರಿಂದ ಒಂಬತ್ತರವರೆಗೆ, ಮೂರೇ ವರ್ಷ. ಒಂಬತ್ತಕ್ಕೆ ಹುಡುಗನಿಗೆ ಕೆಲಸ ಸಿಕ್ಕಿತು. ಹೊಲದಲ್ಲಿ ಕಾಗೆ ಓಡಿಸುವ ಕೆಲಸ. ಬಿತ್ತಿದ ಬೀಜ ಹೆಕ್ಕದಂತೆ ಹನ್ನೆರಡು ಗಂಟೆ ಒಬ್ಬನೇ ಕೂಗುತ್ತಾ ತಿರುಗಬೇಕು. ದಿನಕ್ಕೆ ನಾಲ್ಕು ಪೆನ್ನಿ.

ನಾನೂ ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟಣೆ ಹತ್ತಿ ಹಕ್ಕಿ ಕಾದವಳು. ನಮ್ಮದೇ ಹೊಲ, ನಮ್ಮದೇ ಜೋಳ, ಬುತ್ತಿ ಕಟ್ಟಿಕೊಡುವ ಅಮ್ಮ ಹತ್ತಿರದಲ್ಲೇ. ಆದರೂ ಮೂರನೇ ದಿನಕ್ಕೆ ಗಂಟಲು ಒಡೆದು ಸ್ವರವೇ ಬರುತ್ತಿರಲಿಲ್ಲ. ಹಾಗಾಗಿ ಆ ಕೆಲಸವನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋದರೆ ನನಗೆ ಸಿಟ್ಟು ಬರುತ್ತದೆ. ಕಾಗೆಗಿಂತ ಕಷ್ಟ ಬೇಸರದ್ದು. ಮಾತಾಡಲು ಜನವಿಲ್ಲದ ಬಯಲಿನಲ್ಲಿ, ಇಂಗ್ಲೆಂಡಿನ ಈ ಸುರಿಯುವ ಮಳೆ, ಕೊರೆಯುವ ಗಾಳಿಯಲ್ಲಿ ಒಂಬತ್ತು ವರ್ಷದ ಪೋರ ಮಧ್ಯಾಹ್ನ ಎಷ್ಟು ಸಲ ಸೂರ್ಯ ಎಲ್ಲಿದ್ದಾನೆ ಅಂತ ನೋಡಿರಬೇಕು!

ಅವನು ಕೆಲಸಕ್ಕೆ ನಿಂತ ಕಾಲದಲ್ಲೇ ಮನೆಯಲ್ಲಿ ಇನ್ನೊಂದು ಆಗಿತ್ತು. 1835. ಹೊರದೇಶದ ಗೋಧಿ ಅಗ್ಗದಲ್ಲಿ ಒಳಗೆ ಬರಬಾರದು ಅಂತ 1815ರಲ್ಲಿ ಮಾಡಿದ್ದ ಧಾನ್ಯದ ಕಾಯಿದೆಗಳಿದ್ದವಲ್ಲ, ಅವುಗಳನ್ನು ಉಳಿಸಿಕೊಳ್ಳಬೇಕು ಅಂತ ಜಮೀನುದಾರರು ಅರ್ಜಿ ಹಿಡಿದು ಸಹಿ ಹಾಕಿಸುತ್ತಿದ್ದರು. ಆ ಕಾಯಿದೆಯಿಂದ ರೊಟ್ಟಿಯ ಬೆಲೆ ಏರುವುದು ಕೂಲಿಯವನಿಗೆ. ಆದರೂ ಸಹಿ ಹಾಕು ಅಂದರೆ ಹಾಕಬೇಕು. ಅಪ್ಪ ಜಾನ್ ಆರ್ಚ್ ಹಾಕಲಿಲ್ಲ. ಅದರ ಫಲ, 18 ವಾರ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಚಳಿಗಾಲವೆಲ್ಲ ತಾಯಿ ಹ್ಯಾನಾ ಊರವರ ಬಟ್ಟೆ ಒಗೆದು ಮನೆ ಸಾಗಿಸಿದಳು. ಈ ಹೆಂಗಸನ್ನು ನಾನು ಬಹಳ ಮೆಚ್ಚಿಕೊಂಡಿದ್ದೇನೆ. ಬಡವರ ಹೆಣ್ಣುಮಕ್ಕಳೆಲ್ಲ ತಲೆಯ ಮೇಲೆ ಬಟ್ಟಲು ಬೋರಲು ಹಾಕಿದ ಹಾಗೆ ಕೂದಲು ಕತ್ತರಿಸಿಕೊಳ್ಳಬೇಕು ಅಂತ ಊರ ಪಾದ್ರಿಯ ಹೆಂಡತಿ ಹುಕುಂ ಹೊರಡಿಸಿದಳಂತೆ. ಹ್ಯಾನಾ ತನ್ನ ಹುಡುಗಿಯರ ಕೂದಲಿಗೆ ಕತ್ತರಿ ಮುಟ್ಟಿಸಲಿಲ್ಲ.

ಚರ್ಚಿನ ಬಾಗಿಲಿನ ಕಥೆಯೂ ಇಲ್ಲಿಯದೇ. ಏಳು ವರ್ಷದವನಿದ್ದಾಗ ಪ್ರಭುಭೋಜನದ ದಿನ, ಅಂದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸದ ಪ್ರಸಾದ ಕೊಡುವ ದಿನ, ಅಪ್ಪ ಒಳಗೇನು ಮಾಡುತ್ತಾನೆ ನೋಡೋಣ ಅಂತ ಹುಡುಗ ಬಾಗಿಲ ಕೀಲಿತೂತಿಗೆ ಕಣ್ಣಿಟ್ಟ. ಮೊದಲು ಜಮೀನುದಾರ ಒಬ್ಬನೇ ಹೋಗಿ ಮಂಡಿಯೂರಿ ಬಂದ. ಆಮೇಲೆ ರೈತರು. ಆಮೇಲೆ ಅಂಗಡಿಯವರು, ಕಮ್ಮಾರ, ಗಾಡಿ ಮಾಡುವವ. ಕಟ್ಟಕಡೆಗೆ, ದೊಗಲೆ ಅಂಗಿ ತೊಟ್ಟ ಕೂಲಿಗಳು, ಅವರಲ್ಲಿ ಅಪ್ಪ. ಅವರ ಜೊತೆ ಬೇರೆ ಯಾರೂ ಮಂಡಿಯೂರಲಿಲ್ಲ. ಇಂಥದ್ದು ನನಗೆ ಬೇಡ ಅಂತ ಅಂದೇ ತೀರ್ಮಾನಿಸಿದೆ ಅನ್ನುತ್ತಾನೆ. ಏಳು ವರ್ಷದವನು ಅಷ್ಟು ಖಡಾಖಂಡಿತವಾಗಿ ತೀರ್ಮಾನಿಸಿದ್ದನೋ, ಎಪ್ಪತ್ತರಲ್ಲಿ ನೆನೆಸಿಕೊಂಡು ಹಾಗೆ ಹೇಳಿದನೋ! ಆದರೆ ಆ ಸಾಲು, ಆ ಕ್ರಮ, ಅದನ್ನು ಕಣ್ಣಿಂದ ನೋಡದೆ ಕಟ್ಟಿ ಹೇಳಲು ಆಗುವುದಿಲ್ಲ.

ಅಪ್ಪ 18 ವಾರ ಕೂಲಿಯಿಲ್ಲದೆ ಕೂತರೂ ಈ ಸಂಸಾರ ಬೀದಿಗೆ ಬೀಳಲಿಲ್ಲವಲ್ಲ, ಯಾಕೆ? ನನಗೆ ಇಡೀ ಪುಸ್ತಕದ ತಿರುಳು ಇದೇ ಅನ್ನಿಸುತ್ತದೆ. ಅವರಿದ್ದ ಗುಡಿಸಿಲಿನಂಥ ಮನೆ ಅವರ ಸ್ವಂತದ್ದು. ಹಿಂದಿನ ತಲೆಮಾರಿನವರು ಯಾರೋ ಕೂಡಿಟ್ಟು ಕೊಂಡದ್ದು. ಉಳಿದ ಕೂಲಿಗಳ ಕಥೆ ಹಾಗಲ್ಲ. ಎಷ್ಟೋ ಕಡೆ ದುಡಿಯುವುದು ಯಾರ ಹೊಲದಲ್ಲೋ ಮನೆಯೂ ಅವನದ್ದೇ. ಎದುರು ಮಾತಾಡಿದರೆ ಕೂಲಿ ಹೋಗುತ್ತದೆ, ಕೂಲಿ ಹೋದ ವಾರವೇ ಸೂರು ಹೋಗುತ್ತದೆ, ಹೆಂಡತಿ ಮಕ್ಕಳು ಪಾತ್ರೆ ಪಡಗದ ಜೊತೆ ರಸ್ತೆಯಲ್ಲಿ. ಕೂಲಿಯವನಿಗೆ ಬಾಯಿಲ್ಲ ಅಂತ ಆ ಕಾಲದ ಪಟ್ಟಣದವರು ಹಗುರವಾಗಿ ಮಾತಾಡುತ್ತಿದ್ದರು. ಬಾಯಿ ಇತ್ತು, ಅದರ ಮೇಲೆ ಮನೆಯ ಬೀಗ ಹಾಕಿತ್ತು. ಜೋಸೆಫ್ ಆರ್ಚ್‌ನ ಬಾಯಿಗೆ ಆ ಬೀಗ ಇರಲಿಲ್ಲ. ಆ ಮನೆ ಈಗಲೂ ಊರೊಳಗಿದೆ. ನಾನು ಅದರ ಮುಂದೆ ದಿನಾ ಹಾಯ್ದು ಹೋಗುತ್ತಿದ್ದೆ. ತಿಳಿದ ಮೇಲೆ ನಿಂತು ನೋಡಿದೆ. ಎಷ್ಟು ಹೊತ್ತು ನೋಡಿದೆ ಅಂದರೆ ಒಳಗಿನವರು ಪರದೆ ಸರಿಸಿ ನನ್ನನ್ನು ನೋಡಿದರು.

ಅವನ ಬಾಯಿಗೆ ಬೀಗ ಬೀಳದಿರಲು ಎರಡನೆಯ ಕಾರಣ ಬೇಲಿ. ಕಾಗೆ ಓಡಿಸಿದ ಹುಡುಗ ಬೆಳೆದು ಉಳುಮೆ ಮಾಡಿದ, ಕುದುರೆ ಲಾಯದಲ್ಲಿ ದುಡಿದ, ಕೊನೆಗೆ ಬೇಲಿ ಕಟ್ಟುವ ಕಸುಬಿನಲ್ಲಿ ಪಳಗಿದ. ಬೇಲಿ ಅಂದರೆ ಮುಳ್ಳು ತಂದು ಒಟ್ಟುವುದಲ್ಲ. ಇಲ್ಲಿಯದು ಜೀವಂತ ಬೇಲಿ, ಹೆಚ್ಚಿನದು ಹಾಥಾರ್ನ್ ಎಂಬ ಮುಳ್ಳುಗಿಡ. ಬಿಟ್ಟರೆ ಅದು ಮರವಾಗಿ ಮೇಲಕ್ಕೇರಿ ಬುಡದಲ್ಲಿ ಸಂದಿ ಬೀಳುತ್ತದೆ, ದನ ನುಗ್ಗುತ್ತವೆ. ಹಾಗಾಗಿ ಎಲೆ ಉದುರಿದ ಚಳಿಗಾಲದಲ್ಲಿ ಒಂದೊಂದೇ ಕಾಂಡವನ್ನು ಬುಡದ ಹತ್ತಿರ ಮಚ್ಚಿನಿಂದ ಓರೆಯಾಗಿ ಕಡಿಯುತ್ತಾರೆ. ಪೂರ್ತಿ ಅಲ್ಲ. ತೊಗಟೆಯ ಜೊತೆ ಒಂದು ತೆಳು ನಾಲಿಗೆಯಷ್ಟು ಉಳಿಸಬೇಕು. ಹೆಚ್ಚು ಉಳಿದರೆ ಬಾಗದೆ ಸೀಳುತ್ತದೆ, ಕಡಿಮೆಯಾದರೆ ಗಿಡ ಸಾಯುತ್ತದೆ. ಆ ನಾಲಿಗೆಯ ಮೂಲಕವೇ ಜೀವರಸ ಹರಿಯಬೇಕು. ಕಡಿದದ್ದನ್ನು ಓರೆಗೆ ಮಲಗಿಸಿ, ಒಂದೂವರೆ ಅಡಿಗೊಂದು ಗೂಟ ಹೊಡೆದು ಅದರ ನಡುವೆ ಹೆಣೆದು, ಮೇಲೆ ಹೇಜಲ್ ಗಿಡದ ಉದ್ದ ಕಡ್ಡಿಗಳಿಂದ ಜಡೆ ಹಾಕಿದ ಹಾಗೆ ಬಿಗಿಯುತ್ತಾರೆ. ವಸಂತದಲ್ಲಿ ಕಡಿದ ಬುಡದಿಂದ ಹೊಸ ಚಿಗುರು ಎದ್ದು ಬೇಲಿ ಗೋಡೆಯಾಗುತ್ತದೆ. ಈ ವಿದ್ಯೆ ಬಲ್ಲವನು ಎಲ್ಲರಿಗೂ ಬೇಕು. ಆರ್ಚ್ ಊರೂರು, ವೇಲ್ಸ್‌ವರೆಗೂ ಹೋಗಿ ಗುತ್ತಿಗೆಗೆ ಕೆಲಸ ಹಿಡಿದ. ಇಂಗ್ಲೆಂಡಿಗೇ ಮೊದಲಿಗ ಎಂಬ ಹೆಸರು ಗಳಿಸಿದ. ಸ್ವಂತ ಸೂರು, ಕೈಯಲ್ಲಿ ಕಸುಬು, ಒಬ್ಬನೇ ಧಣಿಯನ್ನು ನೆಚ್ಚಿಕೊಳ್ಳುವ ಗರಜಿಲ್ಲ.

ಇದರಲ್ಲಿ ನನಗೆ ಒಂದು ವಕ್ರ ತಮಾಷೆ ಕಾಣುತ್ತದೆ. ಇಲ್ಲಿಯ ಎಷ್ಟೋ ಬೇಲಿಗಳು ಹುಟ್ಟಿದ್ದೇ ಊರೊಟ್ಟಿನ ಗೋಮಾಳಗಳನ್ನೂ ತೆರೆದ ಹೊಲಗಳನ್ನೂ ಪಾರ್ಲಿಮೆಂಟಿನ ಕಾಯಿದೆ ಹಿಡಿದು ತುಂಡುತುಂಡಾಗಿ ಸುತ್ತುಗಟ್ಟಿದಾಗ. ಅದರಿಂದ ಕೂಲಿಯವನ ಹಸು, ಹೆಬ್ಬಾತು, ಸೌದೆ, ಎಲ್ಲಕ್ಕೂ ಕುತ್ತು ಬಂತು. ಅಂಥ ಬೇಲಿಗಳನ್ನು ಕಟ್ಟುತ್ತಲೇ ಈ ಮನುಷ್ಯ ಯಾರ ಹಂಗೂ ಇಲ್ಲದವನಾದ.

1872ರ ಫೆಬ್ರವರಿ 7, ಮಳೆಯ ದಿನ. ಆರ್ಚ್‌ಗೆ ನಲವತ್ತೈದು. ಹೊರಗೆ ಕೆಲಸವಿಲ್ಲದ್ದರಿಂದ ಮನೆಯಲ್ಲಿ ಪೆಟ್ಟಿಗೆಯೊಂದನ್ನು ಮಾಡುತ್ತಾ ಕೂತಿದ್ದ. ನಿಮ್ಮನ್ನು ನೋಡಲು ಮೂವರು ಬಂದಿದ್ದಾರೆ ಅಂತ ಹೆಂಡತಿ ಮೇರಿ ಆನ್ ಬಂದು ಹೇಳಿದಳು. ನಾಲ್ಕು ಮೈಲಿ ಆಸುಪಾಸಿನ ವೆಲ್ಸ್‌ಬೋರ್ನ್‌ನವರು. ಕೂಲಿ ಹೆಚ್ಚು ಕೇಳಲು ಸಂಘ ಕಟ್ಟುತ್ತೇವೆ, ಸಂಜೆ ಬಂದು ಮಾತಾಡಬೇಕು ಅಂದರು. ಆರ್ಚ್ ಇಂಗ್ಲೆಂಡ್ ಚರ್ಚಿನಿಂದ ಹೊರಗಿನ ಪ್ರಿಮಿಟಿವ್ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಬೋಧಕ. ಭಾನುವಾರ ಹಳ್ಳಿಹಳ್ಳಿಗೆ ನಡೆದು ಉಪದೇಶ ಹೇಳಿ ದೊಡ್ಡ ದನಿ ಬೆಳೆಸಿಕೊಂಡಿದ್ದ. (ಕಾಗೆ ಓಡಿಸಿದ್ದೂ ಸಹಾಯಕ್ಕೆ ಬಂದಿರಬೇಕು, ಇದು ನನ್ನ ಊಹೆ.) ಮೂವತ್ತು ನಲವತ್ತು ಜನ ಇದ್ದಾರು ಅಂದುಕೊಂಡು ಹೋದರೆ ಚೆಸ್ಟ್‌ನಟ್ ಮರದ ಕೆಳಗೆ ಜನವೋ ಜನ. ಸುತ್ತಲಿನ ಹಳ್ಳಿಗಳಿಂದ ಕೆಸರು ತುಳಿದು ಬಂದಿದ್ದರು. ಅವರೇಕಾಯಿ ಬಳ್ಳಿಗೆ ಆಸರೆ ಕೊಡುವ ಕೋಲುಗಳಿಗೆ ಲಾಂದ್ರ ಕಟ್ಟಿ ಎತ್ತಿ ಹಿಡಿದಿದ್ದರು. ಹಂದಿ ಕೊಯ್ಯುವಾಗ ಬಳಸುವ ಮಣೆಯೊಂದನ್ನು ತಂದಿಟ್ಟರು, ಅದರ ಮೇಲೆ ಹತ್ತಿ ನಿಂತ. ಎರಡು ಸಾವಿರದ ಹತ್ತಿರ ಜನ ಅನ್ನುತ್ತಾನೆ ಆರ್ಚ್. ಅಷ್ಟಿರಲಿಲ್ಲ ಎನ್ನುವವರೂ ಇದ್ದಾರೆ. ಕತ್ತಲೆಯಲ್ಲಿ ಮಣೆಯ ಮೇಲಿಂದ ತಲೆ ಎಣಿಸಿದವನ ಲೆಕ್ಕಕ್ಕೆ ನಾನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ.

ಅವರು ಕೇಳಿದ್ದೇನು? ದಿನಕ್ಕೆ 2 ಶಿಲ್ಲಿಂಗ್ 8 ಪೆನ್ನಿ, ಅಂದರೆ ಆರು ದಿನಕ್ಕೆ 16 ಶಿಲ್ಲಿಂಗ್ (ಆಗ ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್). ಆಗ ಸಿಗುತ್ತಿದ್ದದ್ದು ಸುಮಾರು 12. ಬೆಳಿಗ್ಗೆ ಆರರಿಂದ ಸಂಜೆ ಐದರವರೆಗೆ ಕೆಲಸ, ಶನಿವಾರ ಮೂರಕ್ಕೆ ಬಿಡಬೇಕು. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಗಂಟೆಗೆ 4 ಪೆನ್ನಿ. ಈ ಕೊನೆಯ ಅಂಕಿ ಕಂಡಾಗ ನಾನು ಪುಸ್ತಕ ಕೆಳಗಿಟ್ಟೆ. ಒಂಬತ್ತು ವರ್ಷದ ಜೋಸೆಫ್‌ಗೆ ಹನ್ನೆರಡು ಗಂಟೆ ಕಾಗೆ ಓಡಿಸಿದ್ದಕ್ಕೆ ಕೊಟ್ಟದ್ದೂ ಅದೇ ನಾಲ್ಕು ಪೆನ್ನಿ. ದಿನದ ಕೂಲಿ ಒಂದು ಗಂಟೆಯ ಕೂಲಿ ಆಗುವುದಕ್ಕೆ, ಅದೂ ಕೇಳುವುದಕ್ಕಷ್ಟೇ, ಮೂವತ್ತಾರು ವರ್ಷ ಹಿಡಿಯಿತು.

ಮಾರ್ಚ್‌ನಲ್ಲಿ ಸುಮಾರು ಇನ್ನೂರು ಜನ ಕೆಲಸ ನಿಲ್ಲಿಸಿದರು. ಮೇ 29ಕ್ಕೆ ಪಕ್ಕದ ಲೆಮಿಂಗ್ಟನ್‌ನಲ್ಲಿ ರಾಷ್ಟ್ರೀಯ ಕೃಷಿ ಕಾರ್ಮಿಕರ ಸಂಘ ಹುಟ್ಟಿತು, ಆರ್ಚ್ ಅಧ್ಯಕ್ಷ. ವಾರಕ್ಕೆ 2 ಪೆನ್ನಿ ಚಂದಾ, ಅಂಗಿಗೆ ನೀಲಿ ರಿಬ್ಬನ್. ಎರಡು ವರ್ಷದಲ್ಲಿ ಸದಸ್ಯರು 86,000 ದಾಟಿದರು. 1874ರಲ್ಲಿ ಪೂರ್ವದ ಜಿಲ್ಲೆಗಳ ರೈತರು ಸಂಘದವರಿಗೆ ಕೆಲಸವಿಲ್ಲ ಅಂತ ಬಾಗಿಲು ಹಾಕಿದರು. ಸಂಘದ ಬೊಕ್ಕಸ ಬರಿದಾಯಿತು. ಅಲ್ಲಿಂದ ಇಳಿಜಾರು, ಒಳಜಗಳ, 1896ಕ್ಕೆ ಅದು ಮುಗಿದೇಹೋಯಿತು. ಸಂಘದ ರಾಜಕೀಯ ನನಗೆ ಅಷ್ಟು ಹಿಡಿಸಲಿಲ್ಲ, ಆ ಅಧ್ಯಾಯಗಳಲ್ಲಿ ಎರಡು ರಾತ್ರಿ ಕೂಸಿಗಿಂತ ಮೊದಲು ನಾನೇ ನಿದ್ದೆ ಹೋದೆ.

ಆದರೆ ಒಂದನ್ನು ಬಿಡಲಾರೆ. 1873, ಆಕ್ಸ್‌ಫರ್ಡ್‌ಶೈರಿನ ಆ್ಯಸ್ಕಾಟ್-ಅಂಡರ್-ವಿಚ್‌ವುಡ್ ಎಂಬ ಹಳ್ಳಿ. ಮುಷ್ಕರ ಹೂಡಿದ ಗಂಡಸರ ಬದಲಿಗೆ ಹೊರಗಿನಿಂದ ಇಬ್ಬರು ಹುಡುಗರನ್ನು ಕೆಲಸಕ್ಕೆ ಕರೆಸಿದರು. ಹಳ್ಳಿಯ ಹೆಂಗಸರು ದಾರಿಯಲ್ಲಿ ಸುತ್ತುವರಿದು, ಬೇಡ ಕಣ್ರೋ, ಹಿಂದಕ್ಕೆ ಹೋಗಿ ಅಂದರು. ಚಿಪ್ಪಿಂಗ್ ನಾರ್ಟನ್‌ನಲ್ಲಿ ವಿಚಾರಣೆ. ನ್ಯಾಯ ಹೇಳಲು ಕೂತ ಇಬ್ಬರೂ ಪಾದ್ರಿಗಳು. ಹದಿನಾರು ಹೆಂಗಸರಿಗೆ ಏಳರಿಂದ ಹತ್ತು ದಿನ ಕಠಿಣ ಶಿಕ್ಷೆ. ಅವರಲ್ಲಿ ಕೆಲವರ ತೋಳಿನಲ್ಲಿ ಮೊಲೆ ಕುಡಿಯುವ ಕೂಸುಗಳಿದ್ದವು, ಕೂಸುಗಳೂ ತಾಯಂದಿರ ಜೊತೆ ಜೈಲಿಗೆ ಹೋದವು. ಇದನ್ನು ಓದಿದ್ದು ಬೆಳಗಿನ ಜಾವ ಮೂರಕ್ಕೆ, ಮೊಮ್ಮಗಳ ತೇಗಿಗೆ ಕಾಯುತ್ತಾ. ಮಗಳು ಎದ್ದು ಬಂದು, ಯಾಕಮ್ಮಾ ಲೈಟ್ ಹಾಕ್ಕೊಂಡು ಕೂತಿದ್ದೀಯ ಅಂದಳು. ಹೇಳಿದೆ. ಅವಳೂ ಕೂತಳು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಆರ್ಚ್ 1847ರಲ್ಲಿ ಮೇರಿ ಆನ್ ಮಿಲ್ಸ್‌ಳನ್ನು ಮದುವೆಯಾದ. ಏಳು ಮಕ್ಕಳು. ಗಂಡ ಬೇಲಿ ಕಟ್ಟಲು ತಿಂಗಳುಗಟ್ಟಲೆ ಹೊರಗೆ, ಇವಳು ಮನೆ, ಮಕ್ಕಳು, ಮೇಲೆ ಮಾವ. ಮುದಿ ಮಾವ ಹಾಸಿಗೆ ಹಿಡಿದಾಗ, ಹೊರಗೆ ಮನೆಗೆಲಸ ಮಾಡಿ ತರುತ್ತಿದ್ದ ನಾಲ್ಕು ಕಾಸನ್ನೂ ಬಿಟ್ಟು ಅವನ ಚಾಕರಿಗೆ ನಿಂತಳು. ಆರ್ಚ್ ಬಡವರ ಕಾನೂನಿನ ಮಂಡಳಿಯವರ ಮುಂದೆ ಹೋಗಿ, ಅಪ್ಪನ ಆರೈಕೆಗೆ ವಾರಕ್ಕೆ ಒಂದೂವರೆ ಶಿಲ್ಲಿಂಗ್ ಕೊಡಿ ಅಂತ ಕೇಳಿದ. ಕೊಡಲಿಲ್ಲ, ವರ್ಕ್‌ಹೌಸಿಗೆ ಸೇರಿಸು ಅಂದರು. ವರ್ಕ್‌ಹೌಸ್ ಅಂದರೆ 1834ರ ಕಾನೂನಿನ ಪ್ರಕಾರ ನಡೆಯುತ್ತಿದ್ದ ಬಡವರ ಮನೆ. ಗಂಡ ಹೆಂಡಿರನ್ನು ಬೇರೆ ಮಾಡುತ್ತಿದ್ದರು, ಒಳಗೆ ಹೋಗುವುದೇ ಮಾನಗೇಡು ಅನ್ನಿಸುವ ಹಾಗೆ ಬೇಕೆಂದೇ ನಡೆಸುತ್ತಿದ್ದರು. ಅವನನ್ನು ಅಲ್ಲಿಗೆ ಕಳಿಸುವುದಕ್ಕಿಂತ ನಾನು ಬೇಲಿಯಡಿ ಕೊಳೆತು ಸಾಯುವುದು ವಾಸಿ ಎಂಬಂತೆ ಹೇಳಿ ಎದ್ದು ಬಂದನಂತೆ. ಮಾತು ದೊಡ್ಡದೇ. ಆದರೆ ಮರುದಿನ ಬೆಳಿಗ್ಗೆ ಮಾವನ ಹಾಸಿಗೆ ಬದಲಾಯಿಸಿದ್ದು ಯಾರು?

ಅಂಥ ಹೆಂಡತಿಯ ಬಗ್ಗೆ ಆತ್ಮಕಥೆಯಲ್ಲಿ ಏನು ಹೇಳುತ್ತಾನೆ ಗೊತ್ತೇ? ಒಳ್ಳೆಯವಳು, ಚೊಕ್ಕಟ, ಒಳ್ಳೆ ತಾಯಿ, ನನ್ನ ಅಪ್ಪನನ್ನು ಚೆನ್ನಾಗಿ ನೋಡಿಕೊಂಡಳು, ಆದರೆ ನನ್ನ ಹಂಬಲಗಳಿಗೆ ಜೊತೆಯಾಗಲಿಲ್ಲ. ಅಯ್ಯಾ ಮಹಾರಾಯ! ಕೀಲಿತೂತಿನಿಂದ ನೋಡಿ ಎಲ್ಲರಿಗಿಂತ ಕೊನೆಗೆ ಯಾರು ನಿಂತಿದ್ದಾರೆ ಅಂತ ಏಳು ವರ್ಷಕ್ಕೇ ಗುರುತಿಸಿದವನಿಗೆ, ತನ್ನ ಮನೆಯ ಸಾಲಿನಲ್ಲಿ ಕೊನೆಗೆ ನಿಂತವಳು ಕಾಣಲಿಲ್ಲ. ಆ ಮೂವರು ಬಾಗಿಲು ತಟ್ಟಿದ ದಿನ ಬೇಡ, ಮನೆಯಲ್ಲಿಲ್ಲ ಅಂದು ಕಳಿಸಿಬಿಡುವುದು ಅವಳ ಕೈಯಲ್ಲಿತ್ತು. 1894ರಲ್ಲಿ ತೀರಿಕೊಂಡಳು, ಪುಸ್ತಕ ಬರುವ ನಾಲ್ಕು ವರ್ಷ ಮೊದಲು. ಅಷ್ಟರಮಟ್ಟಿಗೆ ಅದೃಷ್ಟ.

ಇಷ್ಟು ಜಗಳವಾಡಿದ ಮೇಲೂ ಅವನ ಮುಂದಿನ ದಾರಿ ನೋಡಿದರೆ ನನ್ನ ಸಿಟ್ಟು ಅರ್ಧ ಇಳಿಯುತ್ತದೆ. 1884ರ ಸುಧಾರಣೆಯಿಂದ ಹಳ್ಳಿಯ ಕೂಲಿಗಳಿಗೆ, ಅಂದರೆ ಮನೆಯ ಯಜಮಾನರಾದ ಗಂಡಸರಿಗೆ, ಮತ ಬಂತು. ಮರುವರ್ಷವೇ ಆರ್ಚ್ ವಾಯವ್ಯ ನಾರ್ಫೋಕ್‌ನಿಂದ ಪಾರ್ಲಿಮೆಂಟಿಗೆ ಗೆದ್ದ. ಹೊಲದ ಕೂಲಿಯೊಬ್ಬ ಅಲ್ಲಿ ಕೂತದ್ದು ಅದೇ ಮೊದಲು. ರಾಜಮನೆತನದ ಸ್ಯಾಂಡ್ರಿಂಗ್‌ಹ್ಯಾಂ ಬಂಗಲೆ ಅದೇ ಕ್ಷೇತ್ರದಲ್ಲಿ, ಹಾಗಾಗಿ ಯುವರಾಜನಿಗೂ ಇವನೇ ಪ್ರತಿನಿಧಿ. 1886ರಲ್ಲಿ ಸೋತ, 1892ರಲ್ಲಿ ಮತ್ತೆ ಗೆದ್ದು 1900ರವರೆಗೆ ಇದ್ದ. 1893ರಲ್ಲಿ ಮುದುಕ ಬಡವರ ಪಾಡೇನು ಅಂತ ವಿಚಾರಿಸಲು ರಾಜ ಆಯೋಗ ನೇಮಿಸಿದಾಗ ಒಂದೇ ಮೇಜಿನ ಸುತ್ತ ಆ ಯುವರಾಜನೂ ಇದ್ದ, ಅಪ್ಪನಿಗೆ ಒಂದೂವರೆ ಶಿಲ್ಲಿಂಗ್ ಸಿಗದ ಜೋಸೆಫ್ ಆರ್ಚೂ ಇದ್ದ. ಎಪ್ಪತ್ತು ದಾಟಿದವರಿಗೆ ವಾರಕ್ಕೆ 5 ಶಿಲ್ಲಿಂಗ್ ಪಿಂಚಣಿ ನಿಜವಾಗಿ ಕೈಗೆ ಬರತೊಡಗಿದ್ದು 1909ರ ಜನವರಿ 1ರಿಂದ. ಅಷ್ಟು ಹೊತ್ತಿಗೆ ಆರ್ಚ್‌ಗೆ ಎಂಬತ್ತೆರಡು, ಬಾರ್ಫರ್ಡ್‌ನ ಅದೇ ಮನೆಗೆ ವಾಪಸಾಗಿದ್ದ. ಅಂದ ಹಾಗೆ, ಅವನ ಆತ್ಮಕಥೆಯನ್ನು ಸಂಪಾದಿಸಿಕೊಟ್ಟವಳು ವಾರಿಕ್ ಕೋಟೆಯ ಕೌಂಟೆಸ್, ಅಂದರೆ ಅಲ್ಲಿಯ ದೊಡ್ಡ ಪ್ರಭುವಿನ ಹೆಂಡತಿ. ಪ್ರಭುಭೋಜನದ ಸಾಲು ಅದನ್ನೂ ನೋಡಬೇಕಿತ್ತು.

ಇನ್ನೊಂದು ವಿಷಯ ನನ್ನ ತಲೆ ತಿಂದಿತ್ತು. ಚರ್ಚಿನ ಸಾಲಿನಲ್ಲಿ ನಿಲ್ಲುವುದಿಲ್ಲ ಅಂದು ಬೇರೆ ಪಂಥಕ್ಕೆ ಹೋದವನು ಇದೇ ಚರ್ಚಿನ ಅಂಗಳದಲ್ಲಿ ಹೇಗೆ ಮಲಗಿದ? ಊರಿನವನಾಗಿದ್ದರೆ ಜಾಗಕ್ಕೆ ಹಕ್ಕಿತ್ತು. ಆದರೆ 1880ರವರೆಗೆ ಇಂಥ ಅಂಗಳದಲ್ಲಿ ಶವಸಂಸ್ಕಾರದ ಪ್ರಾರ್ಥನೆ ಹೇಳಿದರೆ ಅದು ಇಂಗ್ಲೆಂಡ್ ಚರ್ಚಿನ ಪದ್ಧತಿಯದೇ ಆಗಬೇಕಿತ್ತು. ಆ ವರ್ಷ ಕಾನೂನು ಬದಲಾಗಿ ಉಳಿದ ಪಂಥದವರಿಗೆ ತಮ್ಮ ಕ್ರಮದಲ್ಲಿ ಹೂಳುವ ಅವಕಾಶ ಬಂತು. ಬದುಕಿದ್ದಾಗಿನ ಸಾಲು ಸತ್ತ ಮೇಲೂ ಬಿಡುತ್ತಿರಲಿಲ್ಲ ಅಂತಾಯಿತು. ಅವನ ಕಲ್ಲಿನ ಸುತ್ತಮುತ್ತಲ ಬರಿ ಹುಲ್ಲನ್ನು ಈಗ ನಾನು ತುಳಿಯುವುದಿಲ್ಲ, ಗಾಡಿಯನ್ನು ಹಾದಿಯಲ್ಲೇ ನಿಲ್ಲಿಸುತ್ತೇನೆ.

ನಿನ್ನೆ ವಾಪಸು ಬರುವಾಗ ಊರಾಚೆಯ ಹೊಲದ ದಾರಿ ಹಿಡಿದೆ. ಮಾರ್ಚ್ ಮೊದಲ ವಾರ, ಗಿಡಗಳಲ್ಲಿ ಇನ್ನೂ ಎಲೆ ಇಲ್ಲ, ಬೇಲಿಯ ಎಲುಬು ಕಾಣುತ್ತದೆ. ಈಗ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಬಂದು ಮೇಲಿನದನ್ನೆಲ್ಲ ಸವರಿ ಹೋಗುತ್ತದೆ, ತುದಿಗಳು ಜಜ್ಜಿದ ಹಾಗೆ ಇರುತ್ತವೆ. ಆದರೆ ಒಂದು ಕಡೆ ಬಗ್ಗಿ ನೋಡಿದರೆ ಬುಡದಲ್ಲಿ ತೊಡೆ ಗಾತ್ರದ ಕಾಂಡವೊಂದು ನೆಲಕ್ಕೆ ಅಡ್ಡಲಾಗಿ ಮಲಗಿತ್ತು. ಅದರ ಬೆನ್ನಿನಿಂದ ನೆಟ್ಟಗೆ ನಾಲ್ಕು ಮರಿಗಿಡ ಎದ್ದಿದ್ದವು. ಯಾವ ಕಾಲದಲ್ಲೋ ಯಾರೋ ಕಡಿದು, ನಾಲಿಗೆಯಷ್ಟು ಉಳಿಸಿ ಮಲಗಿಸಿದ್ದು. ಆರ್ಚ್‌ನ ಕೈ ಅಂತ ನಾನು ಹೇಳುವುದಿಲ್ಲ, ಅಷ್ಟು ಹಳೆಯದಿರಲಾರದು. ಆದರೆ ಕಡಿದವನಿಗೆ ಕೆಲಸ ಬರುತ್ತಿತ್ತು.

ಬೇಲಿಯಾಚೆ ಹೊಸದಾಗಿ ಬಿತ್ತಿದ ಹೊಲ. ಅದರ ತುಂಬಾ ರೂಕ್ ಎಂದು ಕರೆಯುವ ಬಿಳಿಕೊಕ್ಕಿನ ಕಾಗೆಗಳು ಸಾಲು ಹಿಡಿದು ಹೆಕ್ಕುತ್ತಿದ್ದವು. ಓಡಿಸುವವರು ಯಾರೂ ಇಲ್ಲ. ನೋಡುತ್ತಾ ನಿಂತವಳಿಗೆ ಅದೇನಾಯಿತೋ, ಎರಡು ಕೈ ಎತ್ತಿ ಹೊಟ್ಟೆಯೊಳಗಿಂದ "ಹೋ... ಹೋ... ಹಾಯ್!" ಅಂತ ಕೂಗಿಬಿಟ್ಟೆ. ಐವತ್ತು ವರ್ಷದ ಮೇಲೆ ಆ ದನಿ ಎಲ್ಲಿಂದ ಬಂತೋ. ಇಡೀ ಹೊಲ ಕಪ್ಪಗೆ ಎದ್ದು ಚರ್ಚಿನ ಮರಗಳ ಕಡೆ ಹಾರಿತು. ನಾಯಿ ಹಿಡಿದು ಬರುತ್ತಿದ್ದವರೊಬ್ಬರು ನಿಂತಲ್ಲೇ ನಿಂತರು. ಕೂಸು ಬೆಚ್ಚಿ ಎದ್ದು ಅಳತೊಡಗಿತು. ಮನೆ ತಲುಪುವವರೆಗೂ ಸುಮ್ಮನಾಗಲಿಲ್ಲ.